ಫ್ಲಿಂಟ್‌ನ ನೀರು ಆ ಪಟ್ಟಿಯಲ್ಲಿರಲಿಲ್ಲ

2013ರಲ್ಲಿ ಫೋರ್ಬ್ಸ್ ಪತ್ರಿಕೆ ಅಮೆರಿಕದ ಅತ್ಯಂತ ಶೋಚನೀಯ ನಗರಗಳ ಪಟ್ಟಿಯೊಂದನ್ನು ಪ್ರಕಟಿಸಿತು. ಮೊದಲ ಸ್ಥಾನ ಮಿಶಿಗನ್ ರಾಜ್ಯದ ಡೆಟ್ರಾಯಿಟ್‌ಗೆ, ಎರಡನೆಯದು ಅದೇ ರಾಜ್ಯದ ಫ್ಲಿಂಟ್‌ಗೆ. ನಿರುದ್ಯೋಗ, ಅಪರಾಧ, ತೆರಿಗೆ, ಮನೆಗಳ ಬೆಲೆ, ಸಾಲ ತೀರದೆ ಜಪ್ತಿಯಾದ ಮನೆಗಳು, ಕೆಲಸಕ್ಕೆ ಹೋಗಿಬರಲು ಹಿಡಿಯುವ ಹೊತ್ತು, ಹವಾಮಾನ, ಊರು ಬಿಡುವವರ ಪ್ರಮಾಣ ಮುಂತಾದವನ್ನು ಕೂಡಿಸಿ ಕಳೆದು ಈ ತೀರ್ಪು ಕೊಡಲಾಗಿತ್ತು. ಮರುವರ್ಷ ಏಪ್ರಿಲ್‌ನಲ್ಲಿ, ಖರ್ಚು ಉಳಿಸಲೆಂದು, ಫ್ಲಿಂಟ್‌ನ ನಲ್ಲಿಗಳಿಗೆ ಫ್ಲಿಂಟ್ ನದಿಯ ನೀರು ಹರಿಸಿದರು. ಪೈಪುಗಳು ಸವೆಯದಂತೆ ತಡೆಯುವ ರಾಸಾಯನಿಕವನ್ನು ಅದಕ್ಕೆ ಬೆರೆಸಲಿಲ್ಲ. ಹಳೆಯ ಪೈಪುಗಳ ಸೀಸ ಕರಗಿ ಮಕ್ಕಳ ರಕ್ತ ಸೇರಿತು. ಅದೇ ಅವಧಿಯಲ್ಲಿ ಹಬ್ಬಿದ ಲೀಜನೇರ್ಸ್ ಎಂಬ ಶ್ವಾಸಕೋಶದ ಕಾಯಿಲೆಗೆ ಕನಿಷ್ಠ 12 ಜನ ಬಲಿಯಾದರು.

ಶೋಚನೀಯ ಎಂದು ಸಾರಿದ ಪಟ್ಟಿಗೆ, ಆ ಊರಿನ ನೆತ್ತಿಯ ಮೇಲೆ ತೂಗುತ್ತಿದ್ದ ಅಪಾಯದ ಸುಳಿವೇ ಇರಲಿಲ್ಲ. 2011ರ ಕೊನೆಯಿಂದ ಫ್ಲಿಂಟ್‌ನಲ್ಲಿ ಆಡಳಿತ ನಡೆಸುತ್ತಿದ್ದವರು ರಾಜ್ಯ ಸರ್ಕಾರ ನೇಮಿಸಿದ ತುರ್ತು ಆಡಳಿತಾಧಿಕಾರಿಗಳು. ಜನ ಆರಿಸಿದ ಮೇಯರ್ ಮತ್ತು ನಗರಸಭೆಯ ಅಧಿಕಾರವನ್ನು ಕಿತ್ತುಕೊಳ್ಳಲಾಗಿತ್ತು. ನೀರಿನಂಥ ನೀರಿನ ವಿಷಯದಲ್ಲೂ ಕೊನೆಯ ಮಾತು ಊರಿನವರದ್ದಾಗಿರಲಿಲ್ಲ. ಚಳಿಗಾಲ ಎಷ್ಟು ಕಠಿಣ ಎಂದು ಅಳೆದವರು ಇದನ್ನು ಅಳೆಯಲಿಲ್ಲ.

ಇಂಥ ಪಟ್ಟಿಗಳಿಗೆ ಊರಿನವರ ಸಂತೋಷ ಗೊತ್ತಾಗುವುದಿಲ್ಲ ಎಂಬ ಟೀಕೆ ಹಳೆಯದು. ನನ್ನ ಆಕ್ಷೇಪ ಅದಕ್ಕಿಂತ ದೊಡ್ಡದು. ಅವಕ್ಕೆ ಊರಿನ ದುಃಖವೂ ಗೊತ್ತಾಗುವುದಿಲ್ಲ. ದುಃಖದ ಹೆಸರಿನಲ್ಲಿ ಅವು ಬೇರೇನನ್ನೋ ಅಳೆಯುತ್ತವೆ.

ಏನನ್ನು ಅಳೆಯುತ್ತವೆ ಎಂದು ನೋಡಿ. 2010ರಲ್ಲಿ ಫೋರ್ಬ್ಸ್ ಪಟ್ಟಿಯಲ್ಲಿ ಕ್ಲೀವ್‌ಲ್ಯಾಂಡ್ ಮೊದಲ ಸ್ಥಾನಕ್ಕೆ ಬಂದಾಗ, ಊರಿನ ಕ್ರೀಡಾ ತಂಡಗಳ ಸೋಲು ಗೆಲುವು ಕೂಡ ಲೆಕ್ಕಕ್ಕೆ ಬಂದಿತ್ತು. ಕೊಲೆ, ದರೋಡೆಗಳ ಪಕ್ಕದಲ್ಲೇ ಆಟದ ಸೋಲಿಗೂ ಒಂದು ಜಾಗ. 2013ರ ಪಟ್ಟಿಯಲ್ಲಿ ನ್ಯೂಯಾರ್ಕ್ ಹತ್ತನೆಯದು. ಹೆಚ್ಚಿನ ತೆರಿಗೆ, ದೀರ್ಘ ಪ್ರಯಾಣ ಅದನ್ನು ಅಲ್ಲಿಗೆ ತಳ್ಳಿದ್ದವು. ತೆರಿಗೆ ಯಾರಿಗೆ ದುಃಖ? ಕೈತುಂಬ ಗಳಿಸುವವರಿಗೆ ಅದು ಹೊರೆ ಅನ್ನಿಸಬಹುದು. ಸಾರ್ವಜನಿಕ ಶಾಲೆ, ಗ್ರಂಥಾಲಯ, ಸಬ್‌ವೇ ನಂಬಿ ಬದುಕುವ ಕುಟುಂಬಕ್ಕೆ ಅದೇ ತೆರಿಗೆ ಆಸರೆ. ಮನೆಬೆಲೆ ಕುಸಿದರೆ ಮನೆ ಮಾರುವವನಿಗೆ ನಷ್ಟ, ಬಾಡಿಗೆದಾರನಿಗೆ ಅಲ್ಲ. ಹಾಗಾಗಿ ಈ ಪಟ್ಟಿಗಳು ಊರನ್ನು ಕಾಣುವುದು ಆಸ್ತಿ ಕೊಳ್ಳಲು ಹೊರಟವನ ಕಣ್ಣಿನಿಂದ. ಅಲ್ಲೇ ಹುಟ್ಟಿ, ದುಡಿದು, ಅಲ್ಲೇ ಮಣ್ಣಾಗುವವರ ಕಣ್ಣಿನಿಂದ ಅಲ್ಲ.

ಅವು ಮರೆಮಾಚುವುದು ಇನ್ನೂ ಗಂಭೀರ. 2019ರಲ್ಲಿ ಬಿಸಿನೆಸ್ ಇನ್‌ಸೈಡರ್ 50 ಶೋಚನೀಯ ನಗರಗಳನ್ನು ಪಟ್ಟಿ ಮಾಡಿತು. ಮೊದಲ ಸ್ಥಾನ ಇಂಡಿಯಾನಾ ರಾಜ್ಯದ ಗ್ಯಾರಿಗೆ. ಜನಗಣತಿ ಇಲಾಖೆಯ ಅಂಕಿಗಳೇ ಆಧಾರ, ಜನಸಂಖ್ಯೆಯ ಇಳಿಕೆ ಅದರಲ್ಲೊಂದು. ಇಳಿದದ್ದು ನಿಜ. 1960ರಲ್ಲಿ 1,78,000 ಜನರಿದ್ದ ಊರಿನಲ್ಲಿ 2020ಕ್ಕೆ ಉಳಿದವರು ಸುಮಾರು 69,000. ಆದರೆ ಗ್ಯಾರಿ ತಾನಾಗಿ ಬರಿದಾಗಲಿಲ್ಲ. 1906ರಲ್ಲಿ ಯು.ಎಸ್. ಸ್ಟೀಲ್ ಕಂಪನಿ ತನ್ನ ಕಾರ್ಖಾನೆಗಾಗಿ ಕಟ್ಟಿದ ಊರು ಅದು. ಹೆಸರೂ ಕಂಪನಿಯ ಅಧ್ಯಕ್ಷನದೇ. ಉಕ್ಕಿನ ಉದ್ಯೋಗ ಕರಗಿದಾಗ ಕಾರ್ಮಿಕರ ಅನ್ನ ಹೋಯಿತು. 1967ರಲ್ಲಿ ರಿಚರ್ಡ್ ಹ್ಯಾಚರ್ ಎಂಬ ಕಪ್ಪುಜನಾಂಗದ ವಕೀಲರು ಮೇಯರ್ ಆಗಿ ಆಯ್ಕೆಯಾದರು. ಆ ವರ್ಷಗಳಲ್ಲಿ ಬಿಳಿಯರೂ ಅಂಗಡಿ ಮಳಿಗೆಗಳೂ ದಕ್ಷಿಣದ ಮೆರಿಲ್‌ವಿಲ್ ಕಡೆಗೆ ಸರಿದರು, ತೆರಿಗೆಯ ಹಣವೂ ಅವರ ಜೊತೆ ಹೋಯಿತು. ಇದು ಬಂಡವಾಳದ ಮತ್ತು ಜನಾಂಗ ಭೇದದ ಚರಿತ್ರೆ. ಪಟ್ಟಿ ಅದನ್ನು ಒಂದು ಶೇಕಡಾವಾರು ಮಾಡಿ, ಹೋದವರ ಲೆಕ್ಕವನ್ನು ಉಳಿದವರ ಹಣೆಗೆ ಅಂಟಿಸುತ್ತದೆ.

ಈ ರೋಗ ನಮಗೂ ಹತ್ತಿದೆ. ಕೇಂದ್ರ ಸರ್ಕಾರದ ಸುಗಮ ಜೀವನ ಸೂಚ್ಯಂಕದಲ್ಲಿ 2018ರಲ್ಲಿ ಬೆಂಗಳೂರಿನ ಸ್ಥಾನ 58. 2021ರ ಮಾರ್ಚ್‌ನಲ್ಲಿ ಹೊರಬಿದ್ದ ಮುಂದಿನ ಸೂಚ್ಯಂಕದಲ್ಲಿ, ಜನಸಂಖ್ಯೆ ಹತ್ತು ಲಕ್ಷ ಮೀರಿದ ನಗರಗಳ ಪೈಕಿ ಅದು ಮೊದಲನೆಯದು. ಈ ನಡುವೆ ಟಾಮ್‌ಟಾಮ್ ಕಂಪನಿ 2019ರ ಲೆಕ್ಕದಲ್ಲಿ ಬೆಂಗಳೂರನ್ನು ಸಂಚಾರ ದಟ್ಟಣೆಯಲ್ಲಿ ಜಗತ್ತಿಗೇ ಮೊದಲು ಎಂದು ಸಾರಿತ್ತು. ಬೆಳ್ಳಂದೂರಿನಲ್ಲಿ ಟ್ಯಾಂಕರ್‌ಗೆ ಕಾಯುವ ಮನೆಯ ಬದುಕು ಮೂರು ವರ್ಷದೊಳಗೆ 57 ಮೆಟ್ಟಿಲು ಏರಿಬಿಟ್ಟಿತೇ? ಬದಲಾದದ್ದು ಅಳತೆಗೋಲು. ಆ ಮೊದಲ ಸ್ಥಾನ ಘೋಷಣೆಯಾದಾಗ ಬೆಂಗಳೂರಿಗೆ ಚುನಾಯಿತ ಕಾರ್ಪೊರೇಟರ್‌ಗಳೇ ಇರಲಿಲ್ಲ. ಪಾಲಿಕೆಯ ಅವಧಿ 2020ರ ಸೆಪ್ಟೆಂಬರ್‌ನಲ್ಲೇ ಮುಗಿದು ಆಡಳಿತಾಧಿಕಾರಿ ಕೂತಿದ್ದರು. ಫ್ಲಿಂಟ್‌ನ ಶೋಚನೀಯ ಪಟ್ಟಿ ಕಾಣದ್ದನ್ನೇ ಬೆಂಗಳೂರಿನ ಸುಗಮ ಪಟ್ಟಿಯೂ ಕಾಣಲಿಲ್ಲ.

ಅಂಕಿಗಳು ಸುಳ್ಳಲ್ಲವಲ್ಲ, ಬಡತನವನ್ನು ಊರಿನ ಅಭಿಮಾನದಿಂದ ಮುಚ್ಚಿಡಬೇಕೇ ಎಂದು ಕೇಳುವವರಿದ್ದಾರೆ. ಖಂಡಿತ ಮುಚ್ಚಿಡಬಾರದು. ಆದರೆ ಫ್ಲಿಂಟ್‌ನಲ್ಲಿ ಸಂಕಟವನ್ನು ಎಲ್ಲರಿಗಿಂತ ಮೊದಲು, ಎಲ್ಲರಿಗಿಂತ ನಿಖರವಾಗಿ ಹೇಳಿದವರು ಊರಿನವರೇ. ಕಂದು ನೀರಿನ ಬಾಟಲಿ ಹಿಡಿದು ಸಭೆಗಳಿಗೆ ಬಂದರು. ನೀರು ಸುರಕ್ಷಿತ ಎಂಬ ಉತ್ತರ ಕೇಳಿ ಹಿಂದಿರುಗಿದರು. 2014ರ ಅಕ್ಟೋಬರ್‌ನಲ್ಲಿ ಜನರಲ್ ಮೋಟಾರ್ಸ್ ಕಂಪನಿ, ಆ ನೀರು ತನ್ನ ಎಂಜಿನ್ ಭಾಗಗಳಿಗೆ ತುಕ್ಕು ಹಿಡಿಸುತ್ತಿದೆ ಎಂದು ಕಾರ್ಖಾನೆಗೆ ಬೇರೆ ನೀರಿನ ಏರ್ಪಾಡು ಮಾಡಿಕೊಂಡಿತು. ಯಂತ್ರಕ್ಕೆ ಒಗ್ಗದ ನೀರನ್ನು ಮಕ್ಕಳು ಮತ್ತೊಂದು ವರ್ಷ ಕುಡಿದರು. ಲೀಆ್ಯನ್ ವಾಲ್ಟರ್ಸ್ ಎಂಬ ತಾಯಿ ವರ್ಜೀನಿಯಾ ಟೆಕ್‌ನ ವಿಜ್ಞಾನಿ ಮಾರ್ಕ್ ಎಡ್ವರ್ಡ್ಸ್ ಅವರನ್ನು ಸಂಪರ್ಕಿಸಿದರು. ನೆರೆಹೊರೆಯವರು ಮನೆ ಮನೆಯಿಂದ ನೂರಾರು ಮಾದರಿ ಸಂಗ್ರಹಿಸಿದರು. ಮಕ್ಕಳ ವೈದ್ಯೆ ಮೋನಾ ಹನ್ನಾ ಅತೀಶಾ ರಕ್ತಪರೀಕ್ಷೆಗಳ ಲೆಕ್ಕವನ್ನು ಬಹಿರಂಗಪಡಿಸಿದರು. 2015ರ ಅಕ್ಟೋಬರ್‌ನಲ್ಲಿ ಸರ್ಕಾರ ಹಳೆಯ ಮೂಲದ ನೀರಿಗೆ ಮರಳಬೇಕಾಯಿತು. ಈ ಉಪೇಕ್ಷೆಯ ಹಿಂದೆ ವ್ಯವಸ್ಥೆಯೊಳಗೇ ಬೇರುಬಿಟ್ಟ ಜನಾಂಗ ತಾರತಮ್ಯವಿದೆ ಎಂದು ಮಿಶಿಗನ್ ನಾಗರಿಕ ಹಕ್ಕುಗಳ ಆಯೋಗವೇ 2017ರಲ್ಲಿ ಹೇಳಿತು.

ಪಟ್ಟಿಗಳಿಂದ ಸರ್ಕಾರದ ಕಣ್ಣು ತೆರೆಯುತ್ತದೆ ಎಂಬ ವಾದವನ್ನು ಫ್ಲಿಂಟ್ ಒಂದೇ ಸುಳ್ಳಾಗಿಸುತ್ತದೆ. ಪಟ್ಟಿಯ ಎರಡನೇ ಸ್ಥಾನ ಯಾರ ಕಣ್ಣನ್ನೂ ತೆರೆಸಲಿಲ್ಲ. ಊರೊಂದು ಹೇಗೂ ಹಾಳಾಗಿದೆ ಎಂಬ ಭಾವನೆ ಬೇರೂರಿದರೆ, ಅಲ್ಲಿಂದ ಬರುವ ದೂರು ಮಾಮೂಲಿ ಗೋಳಾಗಿ ಕೇಳಿಸುತ್ತದೆ. ಆ ಭಾವನೆ ಬಿತ್ತುವ ಪತ್ರಿಕೆಗಳು ತಮ್ಮ ಪಾಲಿನ ಹೊಣೆ ಹೊರಬೇಕು.

ಕನ್ನಡ ಪತ್ರಿಕೆಗಳಿಗೂ ವಾಹಿನಿಗಳಿಗೂ ನನ್ನ ಮಾತು ಇಷ್ಟೇ. ಹೊರಗಿನಿಂದ ಬಂದ ರ‍್ಯಾಂಕನ್ನು ಹಾಗೇ ತಲೆಬರಹ ಮಾಡಬೇಡಿ. ಏನನ್ನು ಅಳೆದರು, ಏನನ್ನು ಬಿಟ್ಟರು, ಯಾವುದಕ್ಕೆ ಎಷ್ಟು ತೂಕ ಕೊಟ್ಟರು ಎಂಬುದನ್ನು ಅದೇ ಸುದ್ದಿಯಲ್ಲಿ ಬರೆಯಿರಿ. ಆ ಊರಿನ ಪೌರಕಾರ್ಮಿಕರನ್ನು, ಬಾಡಿಗೆದಾರರನ್ನು, ಆಶಾ ಕಾರ್ಯಕರ್ತೆಯರನ್ನು ಮಾತಾಡಿಸಿ. ಊರಿನ ನಿರ್ಧಾರಗಳನ್ನು ಯಾರು ಕೈಗೊಳ್ಳುತ್ತಿದ್ದಾರೆ, ಅವರನ್ನು ಪ್ರಶ್ನಿಸುವ ಹಕ್ಕು ಜನರಿಗೆ ಉಳಿದಿದೆಯೇ ಎಂದು ಕೇಳಿ. ಇಷ್ಟನ್ನು ಮಾಡಲು ಪುರಸೊತ್ತಿಲ್ಲದ ಸಂಪಾದಕರು ಲಕ್ಷಾಂತರ ಜನರ ಬದುಕಿಗೆ ಶೋಚನೀಯ ಎಂಬ ಮುದ್ರೆ ಒತ್ತಬಾರದು. ಆ ಹಕ್ಕನ್ನು ಅವರಿಗೆ ಯಾರೂ ಕೊಟ್ಟಿಲ್ಲ.