ಯಾರಿಗೆ ಅಗ್ಗ ಸ್ವಾಮಿ?

ಡಿಸೆಂಬರ್ ಬಂತೆಂದರೆ ಇಂಗ್ಲೆಂಡಿನಲ್ಲಿರುವ ನಮ್ಮವರಿಗೆ ಸ್ಪೇನಿನ ಟೆನೆರೀಫೆ ನೆನಪಾಗುತ್ತೆ. ಇಲ್ಲಿ ನಾಲ್ಕು ಗಂಟೆಗೇ ಕತ್ತಲು, ಅಲ್ಲಿ ಬಿಸಿಲು, ಬೀಚು... ಹೋಗೋದು ತಪ್ಪಲ್ಲ ಬಿಡಿ. ನನ್ನ ತಕರಾರು ಒಂದು ಸಲಹೆಯ ಬಗ್ಗೆ: "ಹೋಟೆಲ್ ಯಾಕ್ರೀ? ಫ್ಲಾಟ್ ತಗೊಳ್ಳಿ, ಅನ್ನ-ಸಾರು ಮಾಡ್ಕೋಬಹುದು, ಅಗ್ಗ!"

ಯಾರಿಗೆ ಅಗ್ಗ? ಟೆನೆರೀಫೆ ಸೇರಿದ ಕ್ಯಾನರಿ ದ್ವೀಪಗಳ ಜನಸಂಖ್ಯೆ ಸುಮಾರು 22 ಲಕ್ಷ. ವರ್ಷಕ್ಕೆ ಬರುವ ಪ್ರವಾಸಿಗರು ಒಂದೂವರೆ ಕೋಟಿಗೂ ಹೆಚ್ಚು! ಊರಿನವರಿದ್ದ ಮನೆಗಳೆಲ್ಲ ದಿನಬಾಡಿಗೆಗೆ ಹೋದರೆ ನಿಮಗೆ ಕಾಫಿ ತಂದುಕೊಡುವ ಹುಡುಗ ಎಲ್ಲಿ ಮಲಗಬೇಕು? 2024ರ ಏಪ್ರಿಲ್ 20ರಂದು ಸಾವಿರಾರು ಜನ ಬೀದಿಗಿಳಿದು "ಕ್ಯಾನರಿಗೂ ಒಂದು ಮಿತಿಯಿದೆ" ಅಂದರಲ್ಲ, ಅವರ ದೊಡ್ಡ ದೂರುಗಳಲ್ಲಿ ಮನೆಬಾಡಿಗೆಯೂ ಒಂದು.

"ನಾವು ಹೋಗದಿದ್ರೆ ಅವರ ಹೊಟ್ಟೆಪಾಡು?" ಅಂತೀರಾ? ನಿಜ, ಅಲ್ಲಿನ ಆರ್ಥಿಕತೆಯ ಮೂರನೇ ಒಂದರಷ್ಟು ಪ್ರವಾಸೋದ್ಯಮವೇ. ಆದರೆ ಹೋಗಬೇಡಿ ಅಂದವರ್ಯಾರು? ಇರುವ ಹೋಟೆಲಿನಲ್ಲೇ ಉಳಿಯಿರಿ, ಅದನ್ನು ಕಟ್ಟಿದ್ದೇ ಪ್ರವಾಸಿಗರಿಗೆ. ಫ್ಲಾಟ್ ಕಟ್ಟಿದ್ದು ಸಂಸಾರ ಮಾಡೋರಿಗೆ. ನಮ್ಮ ಒಂದು ವಾರದ ಸಾರಿಗೆ ಇನ್ನೊಬ್ಬರು ಒಲೆ ಹೂಡಲು ಜಾಗವಿಲ್ಲದೆ ಅಲೆಯಬೇಕಾ?

ಏನಂತೀರಿ?