ಮನೆಯವರನ್ನು ಕೇಳದೆ ಮನೆ ಕಟ್ಟುವುದೇ?

ವಿಕೋಪದ ನಂತರ ಸಂತ್ರಸ್ತರ ಅಭಿಪ್ರಾಯ ಕೇಳುತ್ತ ಕೂತರೆ ಕಾಲಹರಣ, ಸರ್ಕಾರವೇ ಗುತ್ತಿಗೆದಾರರಿಂದ ಕಟ್ಟಿಸಿ ಬೀಗದ ಕೈ ಕೊಡಲಿ ಎಂದು ಕಳೆದ ಸಂಚಿಕೆಯ ಲೇಖನ ವಾದಿಸಿದೆ. ಮಳೆಗಾಲಕ್ಕೆ ಮುಂಚೆ ಸೂರು ಬೇಕು, ನಿಜ. ಆದರೆ ತಾತ್ಕಾಲಿಕ ಶೆಡ್ಡಿನ ಅವಸರವನ್ನು ಮಕ್ಕಳು ಮೊಮ್ಮಕ್ಕಳು ಬಾಳಬೇಕಾದ ಮನೆಗೂ ಹೇರುವುದು ಅನ್ಯಾಯ.

1993ರ ಲಾತೂರು ಭೂಕಂಪದ ನಂತರ ಹತ್ತಾರು ಹಳ್ಳಿಗಳನ್ನು ಸ್ಥಳಾಂತರಿಸಿ, ನೇರ ಬೀದಿಗಳ ಬಡಾವಣೆಗಳನ್ನು ಕಟ್ಟಲಾಯಿತು. ದನ ಕಟ್ಟುವುದೆಲ್ಲಿ, ಕಾಳು ತುಂಬುವುದೆಲ್ಲಿ, ಹೊಲ ಎಷ್ಟು ದೂರ? ರೈತನ ಈ ಪ್ರಶ್ನೆಗಳಿಗೆ ನಕ್ಷೆಯಲ್ಲಿ ಉತ್ತರವಿರಲಿಲ್ಲ.

2001ರ ಜನವರಿ 26ರಂದು ಕಛ್ ನಡುಗಿತು. ಅಲ್ಲಿನ ಬಹುಪಾಲು ಹಳ್ಳಿಗಳು ಸ್ಥಳಾಂತರ ಬೇಡವೆಂದವು. ಗುಜರಾತ್ ಸರ್ಕಾರ ಆ ಮಾತು ಕೇಳಿತು. ಪರಿಹಾರ ಕಂತುಗಳಲ್ಲಿ ಮನೆಯವರ ಬ್ಯಾಂಕ್ ಖಾತೆಗೇ ಬಂತು. ಗೋಡೆ ಭೂಕಂಪ ತಡೆಯುವಂತಿದೆಯೇ ಎಂದು ಎಂಜಿನಿಯರ್ ನೋಡಿ ಒಪ್ಪಿದ ಮೇಲಷ್ಟೇ ಮುಂದಿನ ಕಂತು. ಕೆಲವೇ ವರ್ಷಗಳಲ್ಲಿ ಸುಮಾರು 2 ಲಕ್ಷ ಮನೆಗಳು ಎದ್ದವು. ಇದನ್ನು ಕಾಲಹರಣ ಎನ್ನಲಾದೀತೇ?

ಈ ಪದ್ಧತಿಗೂ ಕೊರತೆಯುಂಟು. ಹಕ್ಕುಪತ್ರವಿಲ್ಲದವರು, ಬಾಡಿಗೆದಾರರು ಹಿಂದೆ ಉಳಿದರು. ಲೇಖಕರೇ, ನಿಮ್ಮ ಕಾಳಜಿ ಅವರ ಕಡೆ ತಿರುಗಲಿ. ತೀರ್ಮಾನಿಸುವ ಹಕ್ಕನ್ನು ಮಾತ್ರ ಸಂತ್ರಸ್ತರಿಂದ ಕಸಿಯಬೇಡಿ.