ಮಾತಿಗೆ ಉತ್ತರವಿರಲಿ, ಮನಸ್ಸಿಗೆ ತೀರ್ಪು ಬೇಡ

ಚರ್ಚೆ ಜಗಳವಾಗುವ ಗಳಿಗೆ ಯಾವುದು? ‘ನೀವು ಹೇಳುವುದು ತಪ್ಪು’ ಎಂದಾಗ ಅಲ್ಲ. ‘ನೀವು ಯಾಕೆ ಹೀಗೆ ಹೇಳುತ್ತೀರೆಂದು ನನಗೆ ಗೊತ್ತು’ ಎಂದಾಗ. ಮೊದಲನೆಯದಕ್ಕೆ ಉತ್ತರ ಕೊಡಬಹುದು. ಎರಡನೆಯದಕ್ಕೆ ಯಾರು ತಾನೇ ಏನು ಹೇಳಿಯಾರು? ಎದೆ ಬಗೆದು ತೋರಿಸಲು ಎಲ್ಲರೂ ಹನುಮಂತರಲ್ಲವಲ್ಲ!

ಪುಣೆಯಲ್ಲಿ ಬದುಕು ಕಟ್ಟಿಕೊಂಡ ನಮಗೆ ಇದರ ಪಾಠ ಈ ಊರಿನ ಚರಿತ್ರೆಯಲ್ಲೇ ಇದೆ. ಬಾಲ ಗಂಗಾಧರ ತಿಲಕರು ಮತ್ತು ಗೋಪಾಲ ಗಣೇಶ ಆಗರಕರರು ಇಬ್ಬರೂ 1856ರಲ್ಲಿ ಹುಟ್ಟಿದವರು. ಇಬ್ಬರೂ ಜೊತೆಯಾಗಿ ಶಾಲೆ ನಡೆಸಿದರು, ಪತ್ರಿಕೆ ನಡೆಸಿದರು. ಕೊಲ್ಹಾಪುರ ಪ್ರಕರಣದಲ್ಲಿ 1882ರಲ್ಲಿ 101 ದಿನ ಡೋಂಗ್ರಿ ಸೆರೆಮನೆಯಲ್ಲೂ ಜೊತೆಗಿದ್ದರು. ಸಮಾಜ ಸುಧಾರಣೆಯ ವಿಷಯದಲ್ಲಿ ಮಾತ್ರ ದಾರಿ ಬೇರೆಯಾಯಿತು. ಆಗರಕರರು ‘ಕೇಸರಿ’ಯನ್ನು ಬಿಟ್ಟು 1888ರಲ್ಲಿ ‘ಸುಧಾರಕ’ವನ್ನು ಆರಂಭಿಸಿದರು.

ಆಗ ಬಂದದ್ದು ಸಮ್ಮತಿ ವಯಸ್ಸಿನ ಮಸೂದೆ. ಹುಡುಗಿಯರ ಸಮ್ಮತಿಯ ವಯಸ್ಸನ್ನು 10ರಿಂದ 12ಕ್ಕೆ ಏರಿಸುವ ಈ ಮಸೂದೆ 1891ರಲ್ಲಿ ಕಾನೂನಾಯಿತು. ಬಂಗಾಳದಲ್ಲಿ ಫೂಲ್‌ಮಣಿ ಎಂಬ ಬಾಲಕಿ ಗಂಡನ ಬಲಾತ್ಕಾರದಿಂದ ಸತ್ತದ್ದು ದೇಶದ ಕಣ್ಣು ತೆರೆಸಿತ್ತು. ಆಗರಕರರು ಮಸೂದೆಯನ್ನು ಬೆಂಬಲಿಸಿದರು, ತಿಲಕರು ವಿರೋಧಿಸಿದರು.

ಸರಿ, ಜನ ಉದ್ದೇಶ ಹುಡುಕಲು ಹೊರಟರು. ಒಬ್ಬರು ಧರ್ಮದ್ರೋಹಿ, ಇನ್ನೊಬ್ಬರು ಹೆಣ್ಣುಮಕ್ಕಳ ವೈರಿ! ಆಗರಕರರು ಬದುಕಿರುವಾಗಲೇ ಸನಾತನಿಗಳು ಅವರ ಅಣಕು ಶವಯಾತ್ರೆ ನಡೆಸಿದರು. ಆದರೆ ಅವರು ಅಲ್ಪ ಸಂಬಳದ ಶಿಕ್ಷಕ ವೃತ್ತಿಯಲ್ಲೇ ಉಳಿದು, 39 ತುಂಬುವ ಮೊದಲೇ, 1895ರಲ್ಲಿ ತೀರಿಕೊಂಡರು. ಧರ್ಮವನ್ನು ಮಾರಿ ಗಳಿಸಿದ್ದಾದರೂ ಏನು? ಇತ್ತ ತಿಲಕರು, ಹುಡುಗಿಯರಿಗೆ 16, ಹುಡುಗರಿಗೆ 20 ಆಗುವ ತನಕ ಮದುವೆ ಮಾಡುವುದಿಲ್ಲವೆಂದು ಸುಧಾರಕರು ತಾವಾಗಿಯೇ ಕಟ್ಟುಪಾಡು ಹಾಕಿಕೊಳ್ಳಲಿ ಎಂದು 1890ರಲ್ಲೇ ಸೂಚಿಸಿದ್ದರು. ಪರಕೀಯ ಸರಕಾರ ನಮ್ಮ ಮನೆಯೊಳಗೆ ಕೈಹಾಕಬಾರದೆಂಬುದು ಅವರ ವಾದ.

ಆ ವಾದ ತಪ್ಪೆಂದು ಧಾರಾಳವಾಗಿ ಹೇಳಬಹುದು. ಸಮಾಜ ತಾನಾಗಿ ತಿದ್ದಿಕೊಳ್ಳುವ ತನಕ ಎಷ್ಟು ಫೂಲ್‌ಮಣಿಯರು ಸಾಯಬೇಕು ಎಂದು ಕೇಳಬಹುದು. ಹಾಗೆ ಕೇಳಲು ತಿಲಕರ ಮನಸ್ಸನ್ನು ಅಳೆಯಬೇಕಾಗಿಲ್ಲ. ಅಳೆಯಲು ಹೊರಟರೆ, ಚರ್ಚೆ ಗಂಡಸರ ಮಾನಾಪಮಾನದ ಸುತ್ತ ಸುತ್ತಿ, ಸತ್ತ ಹುಡುಗಿ ಮರೆತೇ ಹೋಗುತ್ತಾಳೆ. ಇದೇ ದೊಡ್ಡ ನಷ್ಟ. ಇಷ್ಟಾದರೂ, ಆಗರಕರರು ತೀರಿಕೊಂಡಾಗ ‘ಕೇಸರಿ’ಯಲ್ಲಿ ಗೆಳೆಯನಿಗಾಗಿ ಮರುಗಿ ಬರೆದವರು ತಿಲಕರೇ.

ಹಾಗಾದರೆ ಉದ್ದೇಶವನ್ನು ಪ್ರಶ್ನಿಸಲೇಬಾರದೇ? ಲಂಚ ಪಡೆದದ್ದಕ್ಕೆ, ಸ್ವಂತ ಲಾಭಕ್ಕೆ ಪುರಾವೆ ಇದ್ದರೆ ಅವಶ್ಯವಾಗಿ ಪ್ರಶ್ನಿಸೋಣ. ಆದರೆ ಹಣೆಯ ನಾಮ, ತಲೆಯ ಟೋಪಿ, ಮಾತಿನ ಧಾಟಿ ಪುರಾವೆಯಲ್ಲ. ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಎಂದರು ಹಿರಿಯರು. ಕಾಣದ ಮನಸ್ಸಿನ ವಿಷಯದಲ್ಲಿ ಎಷ್ಟು ಎಚ್ಚರ ಬೇಡ?

ನಮ್ಮ ಸಂಘದಲ್ಲಿ ಹಲವು ಜಿಲ್ಲೆ, ಮತ, ಪಕ್ಷಗಳವರಿದ್ದೇವೆ. ಚುನಾವಣೆಯ ಮಾತೋ ದೇವಸ್ಥಾನದ ಮಾತೋ ಬಂದಾಗ ಒಂದು ಕೆಲಸ ಮಾಡೋಣ. ಎದುರಿನವರ ವಾದವನ್ನು, ಅವರೇ ‘ಹೌದು, ನಾನು ಹೇಳಿದ್ದು ಇದನ್ನೇ’ ಎನ್ನುವಂತೆ ಒಮ್ಮೆ ಹೇಳಿ, ಆಮೇಲೆ ಖಂಡಿಸೋಣ. ಖಂಡನೆಯ ಕಾವೇನೂ ಕಡಿಮೆಯಾಗದು. ಮುಂದಿನ ಸಭೆಗೆ ಇಬ್ಬರೂ ಬಂದಾರು.